ಸೌರ ವಿದ್ಯುತ್ತು: ಅರ್ಜಿ ಮೊದಲು, ಸಾಮಾನು ಆಮೇಲೆ

ಮನೆಯ ಮಾಡಿನ ಮೇಲೆ ಸೌರ ಫಲಕಗಳನ್ನು ಅಳವಡಿಸಿ, ಮಿಕ್ಕ ವಿದ್ಯುತ್ತನ್ನು ಸರಬರಾಜು ಕಂಪನಿಯ ಲೈನಿಗೆ ಕೊಡುವ ಬಗ್ಗೆ ಸದಸ್ಯರು ಸಂಘದ ಕಚೇರಿಯಲ್ಲಿ ವಿಚಾರಿಸುತ್ತಿದ್ದಾರೆ. ಬೆಲೆಯೊಂದನ್ನೇ ಕೇಳಿ ವ್ಯಾಪಾರ ಮುಗಿಸುವ ಆತುರ ಹಲವರಲ್ಲಿ ಕಾಣುತ್ತದೆ. ಈ ಕೆಲಸದಲ್ಲಿ ಅರ್ಜಿಯೇ ಮೊದಲು ಏಕೆ ಆಗಬೇಕು ಎಂಬುದನ್ನು ಇಲ್ಲಿ ವಿವರಿಸುತ್ತೇವೆ.

ಅನುಮತಿ ಏಕೆ ಬೇಕು?

ನಮ್ಮೂರಿನ ಟಿ.ಸಿ. 11,000 ವೋಲ್ಟನ್ನು ಮನೆ ಬಳಕೆಯ ಮಟ್ಟಕ್ಕೆ ಇಳಿಸುತ್ತದೆ. ಅದೇ ಟಿ.ಸಿ.ಗೆ ಮನೆಯ ಕಡೆಯಿಂದ ವಿದ್ಯುತ್ತು ಹರಿದರೆ, ಅದು ಮತ್ತೆ ಸಾವಿರಾರು ವೋಲ್ಟಿಗೆ ಏರುತ್ತದೆ. ಮಳೆಗಾಲದಲ್ಲಿ ಮರ ಬಿದ್ದು ತಂತಿ ಹರಿದಾಗ, ಲೈನು ಆಫ್ ಆಗಿದೆ ಎಂದು ನಂಬಿ ಕಂಬ ಹತ್ತುವ ಲೈನ್‌ಮನ್‌ನ ಪ್ರಾಣಕ್ಕೇ ಇದರಿಂದ ಅಪಾಯ. ಆದಕಾರಣ, ಲೈನಿನಲ್ಲಿ ಕರೆಂಟು ಹೋದ ಕೂಡಲೆ ಇನ್ವರ್ಟರು ತಾನಾಗಿಯೇ ನಿಲ್ಲತಕ್ಕದ್ದೆಂದು ನಿಯಮವಿದೆ. ಇದರ ಪರೀಕ್ಷಾ ವಿಧಾನವನ್ನು ಐ.ಎಸ್. 16169 ಎಂಬ ಭಾರತೀಯ ಮಾನಕ ನಿಗದಿಪಡಿಸಿದೆ. ಇನ್ವರ್ಟರಿನ ಪ್ರಮಾಣಪತ್ರ ಕೇಳುವುದೂ, ಕಂಪನಿಯವರು ಬಂದು ತಪಾಸಣೆ ಮಾಡುವುದೂ ಇದಕ್ಕಾಗಿಯೇ.

ಇದರಿಂದ ಇನ್ನೊಂದು ವಿಷಯವೂ ತಿಳಿಯುತ್ತದೆ. ಬ್ಯಾಟರಿ ಇಲ್ಲದ ಇಂಥ ಘಟಕವು ಕರೆಂಟು ಹೋದಾಗ ನಡುಹಗಲಿನಲ್ಲೂ ಮನೆಗೆ ದೀಪ ಕೊಡಲಾರದು. ಕರೆಂಟು ಹೋದಾಗಲೂ ಬೆಳಕು ಬೇಕೆನ್ನುವವರು ಬ್ಯಾಟರಿಗೆ ಹೊಂದುವ ಹೈಬ್ರಿಡ್ ಇನ್ವರ್ಟರನ್ನು ಮೊದಲೇ ಆರಿಸಿಕೊಂಡು, ಅದರ ವಿವರವನ್ನು ಅರ್ಜಿಯಲ್ಲೇ ತಿಳಿಸಬೇಕು.

ಅರ್ಜಿಯ ಕ್ರಮ

1. ಆರ್.ಆರ್. ನಂಬರು ಯಾರ ಹೆಸರಿನಲ್ಲಿದೆ ಎಂದು ನೋಡಿಕೊಳ್ಳಿ. ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಅದು ತೀರಿಹೋದ ತಂದೆಯವರ ಅಥವಾ ಅಜ್ಜನವರ ಹೆಸರಿನಲ್ಲೇ ಉಳಿದಿರುತ್ತದೆ. ಹೆಸರು ಬದಲಾವಣೆ ಮಾಡಿಸದೆ ಮುಂದುವರಿದರೆ ಸಹಾಯಧನಕ್ಕೆ ತೊಡಕಾಗುತ್ತದೆ. ಚಿಕ್ಕಮಗಳೂರು, ಶಿವಮೊಗ್ಗ ಜಿಲ್ಲೆಯವರು ಮೆಸ್ಕಾಂ ಕಚೇರಿಯಲ್ಲಿ, ಹಾಸನ, ಕೊಡಗಿನವರು ಚಾಮುಂಡೇಶ್ವರಿ ವಿದ್ಯುತ್ ಸರಬರಾಜು ನಿಗಮದ ಕಚೇರಿಯಲ್ಲಿ ಇದನ್ನು ಸರಿಪಡಿಸಿಕೊಳ್ಳಬೇಕು.

2. 2024ರ ಫೆಬ್ರವರಿಯಲ್ಲಿ ಆರಂಭವಾದ ಪಿ.ಎಂ. ಸೂರ್ಯ ಘರ್ ಯೋಜನೆಯ ರಾಷ್ಟ್ರೀಯ ಪೋರ್ಟಲ್‌ನಲ್ಲಿ ಅರ್ಜಿ ಸಲ್ಲಿಸಿರಿ. 2024ರ ತಿದ್ದುಪಡಿ ನಿಯಮಗಳಂತೆ 10 ಕಿಲೋವ್ಯಾಟ್‌ವರೆಗಿನ ಸಮರ್ಪಕ ಅರ್ಜಿಗೆ ತಾಂತ್ರಿಕ ಸಾಧ್ಯತೆಯ ಪರಿಶೀಲನೆ ಬೇಕಿಲ್ಲ. ಅದಕ್ಕೂ ದೊಡ್ಡ ಘಟಕವಾದರೆ ಪರಿಶೀಲನೆಗೆ 15 ದಿನಗಳ ಗಡುವಿದೆ.

3. ನೋಂದಾಯಿತ ಮಾರಾಟಗಾರರಿಂದಲೇ ಕೆಲಸ ಮಾಡಿಸಿರಿ. ದೇಶದಲ್ಲೇ ತಯಾರಾದ ಫಲಕಗಳಿಗೆ ಮಾತ್ರ ಸಹಾಯಧನ ಉಂಟು.

4. ಕೆಲಸ ಮುಗಿದ ಮೇಲೆ ತಪಾಸಣೆಯಾಗಿ, ಎರಡು ದಿಕ್ಕಿನ ಹರಿವನ್ನೂ ಅಳೆಯುವ ನೆಟ್ ಮೀಟರು ಬರುತ್ತದೆ. ನಾವು ಪಡೆದದ್ದು, ಕೊಟ್ಟದ್ದು ಎರಡೂ ಅದರಲ್ಲಿ ದಾಖಲಾಗುತ್ತವೆ. ಸಹಾಯಧನ ಬ್ಯಾಂಕ್ ಖಾತೆಗೆ ಬರುವುದು ಇದಾದ ನಂತರವೇ. ಆದ್ದರಿಂದ ಮೊದಲಿಗೆ ಪೂರ್ಣ ಹಣವನ್ನೋ ಸಾಲವನ್ನೋ ಹೊಂದಿಸಿಕೊಳ್ಳಬೇಕಾಗುತ್ತದೆ.

ಲೆಕ್ಕಾಚಾರ

ಮೊದಲ 2 ಕಿಲೋವ್ಯಾಟ್‌ಗೆ ತಲಾ 30,000 ರೂ., ಮೂರನೆಯದಕ್ಕೆ 18,000 ರೂ., ಒಟ್ಟು 78,000 ರೂ. ಸಹಾಯಧನವಿದೆ. ಘಟಕ ಇದಕ್ಕಿಂತ ದೊಡ್ಡದಾದರೂ ಮೊತ್ತ ಹೆಚ್ಚುವುದಿಲ್ಲ. ಇದು ವಾಸದ ಮನೆಗೆ ಮಾತ್ರ; ಪಲ್ಪಿಂಗ್ ಮನೆ ಅಥವಾ ಗೋದಾಮಿನ ಪ್ರತ್ಯೇಕ ಸಂಪರ್ಕಕ್ಕೆ ಅನ್ವಯಿಸುವುದಿಲ್ಲ. ಯೋಜನೆಯ ಅವಧಿ 2026-27ನೇ ಸಾಲಿನವರೆಗೆ.

ಒಂದು ಕಿಲೋವ್ಯಾಟ್‌ಗೆ ನೆರಳಿಲ್ಲದ ಸುಮಾರು 100 ಚದರ ಅಡಿ ಮಾಡು ಬೇಕು. ಒಳ್ಳೆಯ ಬಿಸಿಲಿನಲ್ಲಿ ದಿನಕ್ಕೆ ಸುಮಾರು 4 ಯೂನಿಟ್ ದೊರೆಯುತ್ತದೆ. ಆದರೆ ನಮ್ಮದು ಮಲೆನಾಡು. ಆರಿದ್ರಾ, ಪುಷ್ಯ, ಆಶ್ಲೇಷ ಮಳೆಗಳ ಕಾಲದಲ್ಲಿ ಉತ್ಪತ್ತಿ ಬಹಳ ಇಳಿಯುತ್ತದೆ. ಕಣದಲ್ಲಿ ಕಾಫಿ, ಅಡಿಕೆ ಒಣಗುವ ತಿಂಗಳುಗಳಲ್ಲೇ ಫಲಕಗಳಿಗೂ ಸುಗ್ಗಿ. ಬಯಲುಸೀಮೆಯ ಅಂಕಿಗಳನ್ನು ತೋರಿಸುವ ಮಾರಾಟಗಾರರ ಲೆಕ್ಕವನ್ನು ಹಾಗೆಯೇ ಒಪ್ಪಬಾರದು. ಮನೆಯ ದಕ್ಷಿಣಕ್ಕಿರುವ ಸಿಲ್ವರ್ ಓಕ್ ಮರಗಳ ನೆರಳನ್ನೂ ಗಮನಿಸಬೇಕು. ಒಂದೆರಡು ಫಲಕಗಳ ಮೇಲೆ ಬಿದ್ದ ನೆರಳು ಇಡೀ ಸಾಲಿನ ಉತ್ಪತ್ತಿಯನ್ನು ಕುಗ್ಗಿಸಬಲ್ಲದು.

ಗೃಹಜ್ಯೋತಿಯಲ್ಲಿ ಸೊನ್ನೆ ಬಿಲ್ಲು ಬರುತ್ತಿರುವ ಮನೆಯವರಿಗೆ ಉಳಿತಾಯ ಅಷ್ಟಾಗಿ ಇರದು. ಅಂಥವರು ಸಾಲ ಮಾಡುವ ಮುನ್ನ ಯೋಚಿಸಬೇಕು. ಹೆಚ್ಚು ಬಳಕೆಯುಳ್ಳವರು ಕಳೆದ ಹನ್ನೆರಡು ತಿಂಗಳ ಬಿಲ್ಲುಗಳನ್ನು ಜೋಡಿಸಿ, ಎಷ್ಟು ಕಿಲೋವ್ಯಾಟ್ ಸಾಕೆಂಬುದನ್ನು ನಿರ್ಧರಿಸಬಹುದು.

ಮುಂಗಡ ಕೊಡುವುದಕ್ಕೆ ಮೊದಲು ಸದಸ್ಯರು ಬಿಲ್ಲುಗಳು ಮತ್ತು ಮಾರಾಟಗಾರರ ಕೊಟೇಶನ್ನಿನೊಡನೆ ಸಂಘದ ಕಚೇರಿಗೆ ಬರಬೇಕೆಂದು ಕೋರುತ್ತೇವೆ. ಒಟ್ಟಿಗೆ ಕುಳಿತು ಲೆಕ್ಕ ನೋಡೋಣ.