ಬಳ್ಳಿಯ ಬಳಿ ಕಾದಾಗ

ದಾವಣಗೆರೆಯ ದೇವರಾಜ ಅರಸು ಬಡಾವಣೆಯಲ್ಲಿ ನಮ್ಮ ಮನೆಯ ಹಿತ್ತಿಲಿಗೊಂದು ಕರಿಬೇವಿನ ಗಿಡವಿದೆ. ಅದರ ಎಲೆ ತಿಂದು ಬೆಳೆದ ಹಸಿರು ಹುಳುಗಳು ಕಪ್ಪು ಚಿಟ್ಟೆಗಳಾಗಿ ಹಾರಿಹೋಗುವುದನ್ನು ನೋಡುತ್ತಲೇ ನನಗೆ ಚಿಟ್ಟೆಗಳ ಛಾಯಾಚಿತ್ರ ತೆಗೆಯುವ ಗೀಳು ಹತ್ತಿತು. ಆದರೆ ನಾನು ಬಹುಕಾಲ ಬೆನ್ನಟ್ಟಿದ್ದು ನಮ್ಮ ಬಯಲಿನ ಚಿಟ್ಟೆಯನ್ನಲ್ಲ. ಸಹ್ಯಾದ್ರಿಯ ಮಲೆಗಳ 'ಸದರ್ನ್ ಬರ್ಡ್‌ವಿಂಗ್' ಅನ್ನು. ಹಕ್ಕಿರೆಕ್ಕೆಯ ಚಿಟ್ಟೆ ಎಂದು ನಾವದನ್ನು ಕರೆಯಬಹುದು.

ಈ ಹೆಸರಿನಲ್ಲಿ ಉತ್ಪ್ರೇಕ್ಷೆಯಿಲ್ಲ. ಬಿಚ್ಚಿದ ರೆಕ್ಕೆಗಳ ಅಗಲ 14ರಿಂದ 19 ಸೆಂಟಿಮೀಟರು. 1932ರಲ್ಲಿ ದಾಖಲಾದ 190 ಮಿಲಿಮೀಟರಿನ ಅಳತೆಯಿಂದಾಗಿ ಭಾರತದ ಅತಿ ದೊಡ್ಡ ಚಿಟ್ಟೆಯೆಂಬ ಹಿರಿಮೆ 88 ವರ್ಷಗಳ ಕಾಲ ಇದರದಾಗಿತ್ತು. 2020ರಲ್ಲಿ ಹಿಮಾಲಯದ ಅದರ ಸೋದರ ಜಾತಿಯೊಂದು 194 ಮಿಲಿಮೀಟರು ತೂಗಿ ಆ ಹಿರಿಮೆಯನ್ನು ಕಸಿದುಕೊಂಡಿತು ಎನ್ನುವುದಕ್ಕಿಂತ, ಅಳೆದು ಗೆದ್ದಿತು ಎನ್ನಬೇಕು. ಮುಂದಿನ ರೆಕ್ಕೆ ಕಡುಗಪ್ಪು, ಹಿಂದಿನದು ಅಚ್ಚ ಹಳದಿ. ಕರ್ನಾಟಕದ ರಾಜ್ಯ ಚಿಟ್ಟೆಯೂ ಇದೇ.

ಇದನ್ನು ಕಾಣುವುದು ಕಷ್ಟವಲ್ಲ. ಚಿತ್ರದಲ್ಲಿ ಹಿಡಿಯುವುದು ಕಷ್ಟ. ಮರಗಳ ನೆತ್ತಿಯ ಮೇಲೆ ಹಾರುವ ಈ ಚಿಟ್ಟೆ ಹೂವಿಗಿಳಿದಾಗಲೂ ಮುಂದಿನ ರೆಕ್ಕೆಗಳನ್ನು ಅದುರಿಸುತ್ತಲೇ ಇರುತ್ತದೆ. ಮಳೆಗಾಲ ಮುಗಿದೊಡನೆ ತರೀಕೆರೆ, ಲಿಂಗದಹಳ್ಳಿಗಳ ಮಾರ್ಗವಾಗಿ ಕೆಮ್ಮಣ್ಣುಗುಂಡಿಗೆ ಹೋಗಿ, ಕ್ಯಾಮೆರಾ ಹೊತ್ತು ಅದರ ಹಿಂದೆ ಓಡಿ, ಮಸುಕು ಚಿತ್ರಗಳೊಡನೆ ಊರಿಗೆ ಮರಳಿದ್ದೇ ನನ್ನ ಮೊದಲ ಗಳಿಕೆ.

ಅಲ್ಲಿಯ ಹಿರಿಯರೊಬ್ಬರು ನಕ್ಕು, "ಚಿಟ್ಟೆ ಹುಡುಕಬೇಡಿ ಸ್ವಾಮಿ, ಬಳ್ಳಿ ಹುಡುಕಿ" ಎಂದರು. ಅವರ ಮಾತಿನಲ್ಲಿ ಶಾಸ್ತ್ರವೇ ಅಡಗಿತ್ತು. ಈ ಚಿಟ್ಟೆಯ ಹುಳು ಈಶ್ವರಿ ಬಳ್ಳಿ ಮತ್ತು ಅದರ ಬಳಗದ ಗಿಡಗಳನ್ನು ಮಾತ್ರ ತಿನ್ನುತ್ತದೆ. ಎಲೆಯ ವಿಷವನ್ನು ಹುಳು ತನ್ನ ಮೈಯಲ್ಲಿ ಕೂಡಿಡುತ್ತದೆ. ಚಿಟ್ಟೆಯಾದ ಮೇಲೂ ಆ ವಿಷವೇ ಹಕ್ಕಿಗಳಿಂದ ಅದಕ್ಕೆ ರಕ್ಷೆ. ಬಳ್ಳಿ ಕಳೆದರೆ ಚಿಟ್ಟೆಯೂ ಇಲ್ಲ.

ಮರುವರ್ಷ ಬಳ್ಳಿ ಸಿಕ್ಕಿತು. ಒಣಗಿದೆಲೆಯಂತೆ ತೂಗುತ್ತಿದ್ದ ಕೋಶವೊಂದೂ ಕಂಡಿತು. ಚಿತ್ರ ನಿಚ್ಚಳವಾಗಿ ಬರಲೆಂದು ಎದುರಿಗಿದ್ದ ಎಲೆಗಳನ್ನೂ ಕಡ್ಡಿಗಳನ್ನೂ ಮುರಿದು ಹಾಕಿದೆ. ಮರುದಿನ ಬೆಳಿಗ್ಗೆ ಹೋದಾಗ ಕೋಶ ಹರಿದಿತ್ತು, ಇರುವೆಗಳು ಮುತ್ತಿದ್ದವು. ಅದನ್ನು ತಿಂದವರು ಯಾರೋ, ತೋರಿಸಿಕೊಟ್ಟವನು ನಾನು. ಆ ಚಿತ್ರ ಈಗಲೂ ನನ್ನಲ್ಲಿದೆ. ಬಹಳ ಚೆನ್ನಾಗಿ ಬಂದಿದೆ. ಯಾರಿಗೂ ತೋರಿಸಿಲ್ಲ.

ಮೂರನೆಯ ವರ್ಷ ಏನನ್ನೂ ಮುಟ್ಟದೆ ಬಳ್ಳಿಯಿಂದ ಹತ್ತು ಮಾರು ದೂರ ಕುಳಿತೆ. ಮೊದಲ ದಿನ ಮಂಜು, ಎರಡನೆಯ ದಿನ ಜಿಗಣೆ. ಮೂರನೆಯ ದಿನ ಬಿಸಿಲೇರುವ ಹೊತ್ತಿಗೆ ಹೆಣ್ಣೊಂದು ಮರದ ನೆತ್ತಿಯಿಂದಿಳಿದು ಬಂತು. ಮುಂಗಾಲುಗಳಿಂದ ಎಲೆಯನ್ನು ತಟ್ಟಿ ತಟ್ಟಿ ರುಚಿ ನೋಡಿ, ಎಲೆಯಡಿಗೆ ಒಂದೇ ಒಂದು ಮೊಟ್ಟೆಯಿಟ್ಟು ಹೋಯಿತು. ಅಷ್ಟರಲ್ಲಿ ಐದು ಚಿತ್ರಗಳು ದೊರೆತವು. ಎಲ್ಲದರಲ್ಲೂ ಒಂದು ಎಲೆ ರೆಕ್ಕೆಯ ಅಂಚಿಗೆ ಅಡ್ಡ ಬಂದಿದೆ. ಇರಲಿ, ಅದು ಇರಬೇಕಾದಲ್ಲಿಯೇ ಇದೆ.

ಈಗ ನಮ್ಮ ಹಿತ್ತಿಲಲ್ಲೂ ಈಶ್ವರಿ ಬಳ್ಳಿ ನೆಟ್ಟಿದ್ದೇನೆ. ಹಕ್ಕಿರೆಕ್ಕೆಯ ಚಿಟ್ಟೆ ಮಲೆಯಿಳಿದು ಬಂದಿಲ್ಲ. ಆದರೆ ಅದೇ ಬಳ್ಳಿಯನ್ನು ನಂಬಿದ, ಕೆಂಪು ಮೈಯ 'ಕಾಮನ್ ರೋಸ್' ಚಿಟ್ಟೆ ಬಯಲಿನಲ್ಲಿಯೂ ಇದೆ, ಬರುತ್ತಿದೆ. ಕ್ಯಾಮೆರಾ ತರಲು ನಾನು ಒಳಗೆ ಓಡುವುದಿಲ್ಲ.