ತಿಳಿಸಾರು, ಗಂಜಿ ಮತ್ತು ರೋಗಿಯ ಪಥ್ಯ

ಮನೆಯಲ್ಲಿ ಯಾರಿಗೆ ಜ್ವರ ಬಂದರೂ ಕನ್ನಡಿಗರ ಒಲೆಯ ಮೇಲೆ ಮೊದಲು ಏರುವುದು ಸಾರಿನ ಪಾತ್ರೆ. ಕರಾವಳಿಯವರಿಗೆ ಕುಚ್ಚಲಕ್ಕಿ ಗಂಜಿಯ ತಿಳಿ, ಮೈಸೂರಿನ ಕಡೆಯವರಿಗೆ ಮೆಣಸು-ಜೀರಿಗೆಯ ಸಾರು ಇಲ್ಲವೇ ಹುರುಳಿಕಟ್ಟು, ಧಾರವಾಡ-ವಿಜಾಪುರದವರಿಗೆ ಬೇಳೆಯ ಕಟ್ಟಿನ ಸಾರು, ಜೋಳದ ಅಂಬಲಿ. ಉದ್ಯೋಗವನ್ನರಸಿ ಮುಂಬಯಿಗೆ ಬಂದು ನೆಲೆಸಿದ ಕುಟುಂಬಗಳು ಊರಿನ ಎಷ್ಟೋ ಪದ್ಧತಿಗಳನ್ನು ಬಿಟ್ಟರೂ ಈ ಪಥ್ಯವನ್ನು ಬಿಟ್ಟಿಲ್ಲ. ಅದು ಸಂತೋಷದ ವಿಷಯವೇ ಸರಿ.

ಆದರೆ ಊರಿನ ಪಥ್ಯಕ್ಕೂ ಮಹಾನಗರದ ಪಥ್ಯಕ್ಕೂ ಒಂದು ವ್ಯತ್ಯಾಸವುಂಟು. ಊರಿನ ಮನೆಯಲ್ಲಿ ಅಜ್ಜಿಯೋ ಅತ್ತೆಯೋ ರೋಗಿಯ ಹಸಿವನ್ನು ಗಮನಿಸುತ್ತ, ಇಂದು ತಿಳಿ, ನಾಳೆ ಗಂಜಿ, ನಾಡಿದ್ದು ಮೆತ್ತಗಿನ ಅನ್ನ ತೊವ್ವೆ ಎಂದು ದಿನದಿನಕ್ಕೆ ಪಥ್ಯವನ್ನು ಗಟ್ಟಿಗೊಳಿಸುತ್ತಿದ್ದರು. ಡೊಂಬಿವಲಿಯ ಅಥವಾ ವಸಾಯಿಯ ಎರಡು ಕೋಣೆಗಳ ಮನೆಯಲ್ಲಿ ಗಂಡ ಹೆಂಡಿರಿಬ್ಬರೂ ಬೆಳಗಿನ ಲೋಕಲ್ ಗಾಡಿ ಹಿಡಿಯಬೇಕು. ಹಾಸಿಗೆ ಹಿಡಿದ ಹಿರಿಯರ ಬಳಿ ಒಂದು ಥರ್ಮಾಸ್ ಸಾರು, ಒಂದು ಡಬ್ಬಿ ಅನ್ನ ಇಟ್ಟು ಹೊರಡುತ್ತಾರೆ. ಎರಡು ಮೂರು ದಿನಗಳಿಗೆ ಮಾತ್ರ ಮೀಸಲಾಗಬೇಕಾದ ತಿಳಿಸಾರು ಹೀಗೆ ಎಷ್ಟೋ ಮನೆಗಳಲ್ಲಿ ಎರಡು ಮೂರು ವಾರಗಳ ಊಟವಾಗಿಬಿಡುತ್ತದೆ. ಜ್ವರ ಬಿಟ್ಟು ತಿಂಗಳಾದರೂ ನಿಶ್ಶಕ್ತಿ ಹೋಗಲಿಲ್ಲವೆಂದು ಟಾನಿಕ್ಕಿನ ಸೀಸೆ ತರುವ ಮೊದಲು ರೋಗಿಯ ತಟ್ಟೆಯನ್ನೊಮ್ಮೆ ನೋಡುವುದು ಒಳ್ಳೆಯದು.

ಬೇಳೆ, ಕಾಳು, ಸೊಪ್ಪುಗಳನ್ನು ಕುದಿಸಿದಾಗ ನೀರಿಗೆ ಇಳಿಯುವುದು ಯಾವುದು, ಕಾಳಿನಲ್ಲೇ ಉಳಿಯುವುದು ಯಾವುದು? ನೀರಿನಲ್ಲಿ ಕರಗುವ ಬಿ ಗುಂಪಿನ ಜೀವಸತ್ವಗಳು, ಪೊಟ್ಯಾಸಿಯಂನಂತಹ ಲವಣಗಳು, ಸ್ವಲ್ಪ ಪಿಷ್ಟ ಮತ್ತು ರುಚಿ ಕೊಡುವ ಪದಾರ್ಥಗಳು ನೀರಿಗೆ ಬರುತ್ತವೆ. ಆದುದರಿಂದ ಬೇಯಿಸಿದ ನೀರನ್ನು ಚೆಲ್ಲಬಾರದೆಂಬ ಹಿರಿಯರ ಮಾತು ಯುಕ್ತವಾದುದೇ. ಸೊಪ್ಪಿನ ಸಿ ಜೀವಸತ್ವವೂ ನೀರಿಗಿಳಿಯುತ್ತದೆ, ಆದರೆ ಕುದಿಯುವ ಶಾಖಕ್ಕೆ ಅದರ ಬಹುಭಾಗ ನಾಶವಾಗುತ್ತದೆ. ಪಾತ್ರೆಯನ್ನು ಕೆಳಗಿಳಿಸಿದ ಮೇಲೆ ನಿಂಬೆರಸ ಹಿಂಡುವುದರಿಂದ ಆ ಕೊರತೆ ತಕ್ಕಮಟ್ಟಿಗೆ ತುಂಬುತ್ತದೆ. ದೇಹದ ಸವೆತವನ್ನು ತುಂಬಿ ಮಾಂಸಖಂಡಗಳನ್ನು ಕಟ್ಟುವ ಸಸಾರಜನಕ, ಅಂದರೆ ಪ್ರೋಟೀನು, ಮಾತ್ರ ಬಹುಮಟ್ಟಿಗೆ ಕಾಳಿನಲ್ಲೇ ಉಳಿಯುತ್ತದೆ.

ಇಲ್ಲಿ ಸ್ವಲ್ಪ ಲೆಕ್ಕ ಹಾಕಬಹುದು. 60 ಕಿಲೋ ತೂಕದ ವಯಸ್ಕರಿಗೆ ದಿನಕ್ಕೆ ಸುಮಾರು 50 ಗ್ರಾಂ ಸಸಾರಜನಕ ಬೇಕು. ರೋಗದಿಂದ ಚೇತರಿಸಿಕೊಳ್ಳುವಾಗ ಇನ್ನೂ ಹೆಚ್ಚು. ತೊಗರಿಬೇಳೆಯಲ್ಲಿ 100 ಗ್ರಾಮಿಗೆ ಸುಮಾರು 22 ಗ್ರಾಂ ಇದೆ. ನಾಲ್ವರಿಗೆ 60 ಗ್ರಾಂ ಬೇಳೆ ಹಾಕಿ ಸಾರು ಮಾಡಿದರೆ, ಬೇಳೆಯೆಲ್ಲ ಸಮನಾಗಿ ಬೆರೆತರೂ, ಒಬ್ಬರ ಪಾಲಿಗೆ ಬರುವುದು ಮೂರು ಗ್ರಾಮಿಗಿಂತ ಸ್ವಲ್ಪ ಹೆಚ್ಚು. ರೋಗಿಗೆಂದು ಮೇಲಿನ ತಿಳಿಯನ್ನಷ್ಟೇ ಬಡಿಸಿದರೆ ಅದೂ ಇಲ್ಲ.

ಬಸ್ಸಾರಿನ ವಿಷಯ ಇನ್ನೂ ವಿಚಿತ್ರ. ಹುರುಳಿಯನ್ನು ರಾತ್ರಿ ನೆನೆಸಿ, ಬೇಯಿಸಿ, ಬಸಿದು, ಕಟ್ಟನ್ನು ಸಾರಿಗೂ ಕಾಳನ್ನು ಪಲ್ಯಕ್ಕೂ ಬಳಸುವುದು ವಾಡಿಕೆ. ಹುರುಳಿಯೂ ತೊಗರಿಯಂತೆಯೇ ಸಸಾರಜನಕದಲ್ಲಿ ಸಮೃದ್ಧ. ಕಬ್ಬಿಣದ ಅಂಶವೂ ಅದರಲ್ಲಿ ಚೆನ್ನಾಗಿದೆ. ಆದರೆ ಪಲ್ಯವನ್ನು ತಿನ್ನುವವರು ಗಟ್ಟಿಮುಟ್ಟಾದವರು, ರೋಗಿಗೆ ಸಿಗುವುದು ಕಟ್ಟು ಮಾತ್ರ! ಬೆಂದ ಕಾಳಿನಲ್ಲಿ ಒಂದೆರಡು ಹಿಡಿಯನ್ನು ನುಣ್ಣಗೆ ಅರೆದು ಕಟ್ಟಿಗೆ ಬೆರೆಸಿ ಕುದಿಸಿದರೆ ಈ ಅನ್ಯಾಯ ಸರಿಹೋಗುತ್ತದೆ, ನುಂಗಲೂ ಸುಲಭ. ಮುಂಬಯಿಯ ಅಂಗಡಿಗಳಲ್ಲಿ ಹುರುಳಿ ದೊರೆಯದೆಂದು ಹೊಸದಾಗಿ ಬಂದವರು ಹೇಳುವುದುಂಟು. ಮರಾಠಿಯಲ್ಲಿ ಕುಳೀಥ್ ಎಂದು ಕೇಳಿದರೆ ಸಾಕು. ಕೊಂಕಣದವರಿಗೂ ಅದು ಮನೆಯ ಧಾನ್ಯವೇ. ಹುರುಳಿಕಟ್ಟು ಮೂತ್ರಪಿಂಡದ ಕಲ್ಲನ್ನು ಕರಗಿಸುತ್ತದೆಂಬ ನಂಬಿಕೆ ವ್ಯಾಪಕವಾಗಿದೆ. ಹೊಸ ಕಲ್ಲುಗಳಾಗದಂತೆ ತಡೆಯಲು ಧಾರಾಳವಾಗಿ ನೀರು ಕುಡಿಯುವುದು ಸಹಾಯಕವೆಂಬುದು ನಿಶ್ಚಿತ. ಕಟ್ಟನ್ನು ನೆಚ್ಚಿಕೊಂಡು ವೈದ್ಯರ ಬಳಿ ಹೋಗುವುದನ್ನು ಮುಂದೂಡಬಾರದು.

ತೆಳುವಾದ ಆಹಾರವು ಮೊದಲ ಮೆಟ್ಟಿಲು ಮಾತ್ರವೆಂಬುದು ಹೊಸ ವಿಚಾರವೇನೂ ಅಲ್ಲ. ಚರಕಸಂಹಿತೆಯಲ್ಲಿ ಶೋಧನ ಚಿಕಿತ್ಸೆಯಾದ ಮೇಲೆ ರೋಗಿಗೆ ಕೊಡಬೇಕಾದ ಆಹಾರದ ಕ್ರಮವನ್ನು ಹೇಳಿದೆ. ಮೊದಲು ಪೇಯ, ಅಂದರೆ ಅಗುಳು ಕಡಮೆಯಿರುವ ತೆಳು ಗಂಜಿ, ಬಳಿಕ ವಿಲೇಪಿ ಎಂಬ ಗಟ್ಟಿಗಂಜಿ, ಆಮೇಲೆ ಯೂಷ, ಅಂದರೆ ನಮ್ಮ ಬೇಳೆಯ ಕಟ್ಟು, ಮೊದಲು ಸಪ್ಪೆಯಾಗಿ, ಬಳಿಕ ಸ್ನೇಹ ಲವಣಗಳಿಂದ ಸಂಸ್ಕರಿಸಿ, ಕೊನೆಗೆ ಮಾಂಸರಸ. ಹೆಚ್ಚು ಶೋಧನೆಯಾದವರಿಗೂ ಪ್ರತಿಯೊಂದೂ ಮೂರು ಹೊತ್ತು ಮಾತ್ರ. ಸುಮಾರು ಒಂದು ವಾರದಲ್ಲಿ ರೋಗಿ ವಾಡಿಕೆಯ ಊಟಕ್ಕೆ ಮರಳುತ್ತಾನೆ. ಮೊದಲ ಮೆಟ್ಟಿಲಲ್ಲೇ ವಾರಗಟ್ಟಲೆ ನಿಲ್ಲಿಸಬೇಕೆಂದು ಪ್ರಾಚೀನರು ಹೇಳಲಿಲ್ಲ. ಪಾಶ್ಚಾತ್ಯ ವೈದ್ಯರೂ ಒಂದು ಕಾಲದಲ್ಲಿ ಜ್ವರಪೀಡಿತರನ್ನು ಉಪವಾಸ ಕೆಡಹುತ್ತಿದ್ದರು. 19ನೆಯ ಶತಮಾನದಲ್ಲಿ ಡಬ್ಲಿನ್ ನಗರದ ವೈದ್ಯ ರಾಬರ್ಟ್ ಗ್ರೇವ್ಸ್ ಅದನ್ನು ವಿರೋಧಿಸಿ, ಜ್ವರದಲ್ಲೂ ಆಹಾರ ಕೊಡಬೇಕೆಂದು ಸಾಧಿಸಿದನು. ಇಂದು ವಿಷಮಶೀತ ಜ್ವರದಲ್ಲಿಯೂ ಕಾಮಾಲೆಯಲ್ಲಿಯೂ ರೋಗಿಗೆ ಹಿಡಿಸುವಷ್ಟು ಮೆತ್ತಗಿನ, ಪುಷ್ಟಿಕರ ಆಹಾರವನ್ನು ವೈದ್ಯರು ಹೇಳುತ್ತಾರೆ. ಬೇಳೆಯನ್ನು ಮುಟ್ಟಲೇಬಾರದೆಂಬ ನಿರ್ಬಂಧಕ್ಕೆ ಆಧಾರವಿಲ್ಲ.

ಮಾಂಸಾಹಾರಿಗಳ ಮನೆಯಲ್ಲಿ ಸಾರಿನ ಸ್ಥಾನ ಮೂಳೆಯ ಸೂಪಿಗೆ. ಮುರಿದ ಕಾಲು ಕೂಡಲು ಕುರಿಯ ಕಾಲಿನ ಸೂಪು ಕುಡಿಸುವುದು ಸಾಮಾನ್ಯ. ಇಂಗ್ಲೆಂಡಿನಲ್ಲಿ ಮ್ಯಾಕ್‌ಕ್ಯಾನ್ಸ್, ವಿಡ್ಡೋಸನ್ ಮೊದಲಾದವರು 1934ರಲ್ಲಿ ಮೂಳೆಯ ಮತ್ತು ತರಕಾರಿಯ ಸೂಪುಗಳನ್ನು ಪರೀಕ್ಷಿಸಿದಾಗ ಮೂಳೆಯಿಂದ ನೀರಿಗಿಳಿದ ಸುಣ್ಣದ ಅಂಶ ಬಹಳ ಅಲ್ಪವೆಂದು ಕಂಡುಬಂತು. ಒಂದು ಲೋಟ ಹಾಲು, ಒಂದು ಬಟ್ಟಲು ರಾಗಿಯ ಅಂಬಲಿ ಇದಕ್ಕಿಂತ ಮೇಲು. ಸೂಪು ಕುಡಿಯಬಾರದೆಂದಲ್ಲ, ಅದರೊಳಗಿನ ಮಾಂಸವನ್ನೂ ತಿನ್ನಬೇಕು.

ಹಾಗಾದರೆ ತಿಳಿಸಾರಿನಿಂದ ಪ್ರಯೋಜನವಿಲ್ಲವೇ? ನಿಶ್ಚಯವಾಗಿ ಇದೆ. ಜ್ವರದಲ್ಲಿ ಬೆವರಾಗಿ ಹೋದ ನೀರನ್ನೂ ಉಪ್ಪನ್ನೂ ಅದು ತುಂಬಿಕೊಡುತ್ತದೆ. ಕೆಟ್ಟ ಬಾಯಿಗೆ ರುಚಿ ತರುತ್ತದೆ. ಅಮೆರಿಕದ ಮಯಾಮಿಯಲ್ಲಿ 1978ರಲ್ಲಿ ಕೆಲವೇ ಮಂದಿಯ ಮೇಲೆ ನಡೆದ ಪ್ರಯೋಗದಲ್ಲಿ, ಬಿಸಿ ಕೋಳಿಸೂಪು ಮೂಗಿನ ಲೋಳೆಯ ಚಲನೆಯನ್ನು ತಣ್ಣೀರಿಗಿಂತ ಚುರುಕುಗೊಳಿಸಿತು. ನೆಗಡಿಯಲ್ಲಿ ಮೆಣಸಿನ ಸಾರು ಕುಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮಾಟುಂಗಾದಲ್ಲಿ 1942ರಲ್ಲಿ ಎ. ರಾಮ ನಾಯಕರು ಆರಂಭಿಸಿದ ಉಡುಪಿ ಶ್ರೀಕೃಷ್ಣ ಬೋರ್ಡಿಂಗಿನಂತಹ ಊಟದ ಮನೆಗಳು ಒಂಟಿಯಾಗಿ ಬಂದ ಎಷ್ಟೋ ತರುಣರಿಗೆ ಬಾಳೆಲೆಯ ಮೇಲೆ ಸಾರನ್ನ ಬಡಿಸಿ ಊರನ್ನು ನೆನಪಿಗೆ ತಂದವು. ಆದರೆ ಹೋಟೆಲಿನ ಸಾರು ಆರೋಗ್ಯವಂತರಿಗಾಗಿ ಹುಳಿ ಖಾರ ಹಾಕಿ ಮಾಡಿದ್ದು. ಹೊಟ್ಟೆ ಕೆಟ್ಟವರಿಗೆ ಅದು ತರವಲ್ಲ.

ಮಳೆಗಾಲದ ವಾಂತಿಭೇದಿಗಳಲ್ಲಿ ಉಪ್ಪು ಬೆರೆಸಿದ ಗಂಜಿಯ ತಿಳಿಯೇ ಮೇಲು. ಕುಚ್ಚುವಾಗ ಹೊರಪದರದ ಬಿ ಜೀವಸತ್ವ ಕಾಳಿನ ಒಳಕ್ಕೆ ಸೇರುವುದರಿಂದ ಕುಚ್ಚಲಕ್ಕಿಗೆ ವಿಶೇಷ ಗುಣವುಂಟು. 1971ರಲ್ಲಿ ಬಂಗಾಳದ ಬೋನ್‌ಗಾಂವ್ ನಿರಾಶ್ರಿತರ ಶಿಬಿರದಲ್ಲಿ ಡಾ. ದಿಲೀಪ್ ಮಹಲನಾಬಿಸ್ ಅವರು ಉಪ್ಪು, ಸಕ್ಕರೆ, ನೀರುಗಳ ಮಿಶ್ರಣವನ್ನು ಕುಡಿಸಿಯೇ ಬಹುಸಂಖ್ಯೆಯ ಕಾಲರಾ ರೋಗಿಗಳನ್ನು ಬದುಕಿಸಿದರು. ಮುಂದೆ ಅಕ್ಕಿಯ ಪಿಷ್ಟದಿಂದ ಮಾಡಿದ ಮಿಶ್ರಣವೂ ಕಾಲರಾದಲ್ಲಿ ಫಲಕಾರಿಯೆಂದು ತಿಳಿದುಬಂತು. ಭೇದಿ ಬಲವಾಗಿದ್ದರೆ ಮನೆಯ ಗಂಜಿಯನ್ನೇ ನಂಬದೆ ಔಷಧದ ಅಂಗಡಿಯ ಓ.ಆರ್.ಎಸ್. ಪೊಟ್ಟಣವನ್ನು ತರಬೇಕು. ಮಗು ಮಂಕಾದರೆ ಅಥವಾ ಮೂತ್ರ ನಿಂತರೆ ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು.

ರಕ್ತದೊತ್ತಡದವರ ಮಾತು ಬೇರೆ. ವಿಶ್ವ ಆರೋಗ್ಯ ಸಂಸ್ಥೆ ದಿನವೊಂದಕ್ಕೆ ಹೇಳಿರುವ ಉಪ್ಪಿನ ಮಿತಿ 5 ಗ್ರಾಂ, ಅಂದರೆ ಒಂದು ಚಹಾ ಚಮಚ. ಪೊಟ್ಟಣದ ಸೂಪಿನ ಪುಡಿಯಲ್ಲಿ ಉಪ್ಪು ಹೆಚ್ಚಿರುವುದರಿಂದ ಅವರು ಅದನ್ನು ದೂರವಿಡುವುದು ಲೇಸು. ಮೂತ್ರಪಿಂಡ ದುರ್ಬಲವಾದವರಿಗಂತೂ ನೀರನ್ನು ಚೆಲ್ಲಬಾರದೆಂಬ ನಿಯಮವೇ ತಲೆಕೆಳಗಾಗುತ್ತದೆ. ಪೊಟ್ಯಾಸಿಯಂ ಬೇಡವೆಂದು ವೈದ್ಯರು ಹೇಳಿದ್ದರೆ ಸೊಪ್ಪು ಕಾಳು ಬೇಯಿಸಿದ ನೀರನ್ನು ಚೆಲ್ಲಲೇಬೇಕು. ಬಸ್ಸಾರೂ ಟೊಮೇಟೊ ಸಾರೂ ಅವರಿಗೆ ಸಲ್ಲವು.

ಇನ್ನು ಥರ್ಮಾಸಿನ ವಿಚಾರ. ಮುಂಬಯಿಯ ಸೆಕೆಯಲ್ಲಿ ಬೆಳಗಿನ ಐದಕ್ಕೆ ಮಾಡಿದ ಗಂಜಿಯನ್ನು ಮುಚ್ಚಿಟ್ಟು ಸಂಜೆ ರೋಗಿಗೆ ಕೊಡುವುದು ಅಪಾಯ. ಬೆಂದ ಅನ್ನದಲ್ಲಿ ಬದುಕಿ ಉಳಿಯುವ ಒಂದು ಜಾತಿಯ ಸೂಕ್ಷ್ಮಜೀವಿ ಉತ್ಪಾದಿಸುವ ವಿಷವು ಪುನಃ ಕುದಿಸಿದರೂ ನಾಶವಾಗುವುದಿಲ್ಲ. ಥರ್ಮಾಸನ್ನು ಮೊದಲು ಕುದಿನೀರಿನಿಂದ ತೊಳೆದು, ಕುದಿಯುತ್ತಿರುವ ಸಾರನ್ನೇ ತುಂಬಿ, ಮಧ್ಯಾಹ್ನದೊಳಗೆ ಮುಗಿಸಬೇಕು. ಸಂಜೆಯ ಪಾಲನ್ನು ಆರಿದ ಕೂಡಲೇ ಸಣ್ಣ ಪಾತ್ರೆಯಲ್ಲಿ ಫ್ರಿಜ್ಜಿನಲ್ಲಿಟ್ಟು, ಬಡಿಸುವ ಮುನ್ನ ಚೆನ್ನಾಗಿ ಕುದಿಸಬೇಕು. ಹಗಲಿನಲ್ಲಿ ನೆರೆಮನೆಯವರು ಯಾರಾದರೂ ಬಂದು ಒಂದು ಹಿಡಿ ಹೆಸರುಬೇಳೆಯನ್ನು ಅಕ್ಕಿಯೊಡನೆ ಮೆತ್ತಗೆ ಬೇಯಿಸಿ ಕೊಡುವಂತಿದ್ದರೆ ಥರ್ಮಾಸಿನ ಅಗತ್ಯವೇ ಬೀಳುವುದಿಲ್ಲ.