ಹುಣಿಸೆ ಬೀಜಗಳಲ್ಲಿ ಧನ–ಋಣ ಗಣಿತ

ಐದರಲ್ಲಿ ಮೂರನ್ನು ಕಳೆಯೆಂದರೆ ಎರಡೆನ್ನಲು ಯಾವ ವಿದ್ಯಾರ್ಥಿಯೂ ತಡೆಯುವುದಿಲ್ಲ. ಎರಡರಲ್ಲಿ ಋಣ ಮೂರನ್ನು ಕಳೆಯೆಂದೊಡನೆ ತಬ್ಬಿಬ್ಬಾಗುತ್ತಾನೆ. ‘ಮೈನಸ್ಸಿಗೆ ಮೈನಸ್ಸು ಸೇರಿದರೆ ಪ್ಲಸ್ಸು’ ಎಂದು ಬಾಯಿಪಾಠ ಮಾಡಿಸಿದರೆ ಉತ್ತರವೇನೋ ಬರುತ್ತದೆ. ಆದರೆ ಋಣ ಎರಡಕ್ಕೆ ಋಣ ಮೂರನ್ನು ಕೂಡಿಸುವಾಗಲೂ ಅವನು ಅದೇ ಸೂತ್ರವನ್ನು ಹಿಡಿದು ಧನ ಐದೆಂದು ಬರೆಯುತ್ತಾನೆ. ಅರ್ಥವರಿಯದ ಸೂತ್ರದ ಅಪಾಯ ಇಂಥದು.

ಧನ, ಋಣ ಎಂಬ ಹೆಸರುಗಳೇ ವ್ಯವಹಾರದಿಂದ ಬಂದವು. ಕ್ರಿ.ಶ. 628ರಲ್ಲಿ ಬ್ರಹ್ಮಗುಪ್ತನು ಈ ಶಬ್ದಗಳಿಂದಲೇ ಕೂಡುವ, ಕಳೆಯುವ, ಗುಣಿಸುವ ನಿಯಮಗಳನ್ನು ಹೇಳಿದನು. 9ನೆಯ ಶತಮಾನದಲ್ಲಿ, ನೃಪತುಂಗನ ಕಾಲದಲ್ಲಿದ್ದ ಮಹಾವೀರಾಚಾರ್ಯನು ‘ಗಣಿತಸಾರಸಂಗ್ರಹ’ದಲ್ಲಿ ಅವುಗಳನ್ನು ನಿರೂಪಿಸಿ, ಋಣ ಸಂಖ್ಯೆಗೆ ವರ್ಗಮೂಲವಿಲ್ಲವೆಂಬುದನ್ನೂ ಗುರುತಿಸಿದನು. ಆಸ್ತಿ, ಸಾಲಗಳನ್ನು ಬಲ್ಲ ಮನೆಯ ಮಗುವಿಗೆ ಈ ಹೆಸರುಗಳು ಅರ್ಧ ಪಾಠವನ್ನು ಕಲಿಸುತ್ತವೆ. ಉಳಿದರ್ಧಕ್ಕೆ ಆಟ ಬೇಕು.

ಚೌಕಾಬಾರಕ್ಕೆ ಕವಡೆ ದೊರೆಯದಿದ್ದಾಗ ಹುಣಿಸೆ ಬೀಜದ ಒಂದು ಮೈಯನ್ನು ಕಲ್ಲಿಗೆ ಉಜ್ಜಿ ಬಿಳುಪು ಮಾಡಿಕೊಳ್ಳುವ ರೂಢಿಯುಂಟು. ಬಿಳಿಯ ಮೈ ಧನ ಒಂದು, ಕರಿಯ ಮೈ ಋಣ ಒಂದು ಎಂದು ಗೊತ್ತುಮಾಡಿಕೊಂಡರೆ ಆಟದ ಸಾಮಗ್ರಿಯೇ ಪಾಠದ ಸಾಮಗ್ರಿಯಾಗುತ್ತದೆ. ಒಂದು ಬಿಳಿ, ಒಂದು ಕಪ್ಪು ಜೋಡಿಯಾದರೆ ಸೊನ್ನೆ. ಅಂಥ ಜೋಡಿಯನ್ನು ತಂದಿಟ್ಟರೂ ತೆಗೆದರೂ ಲೆಕ್ಕ ಕೆಡದು. ಈಗ ಎರಡು ಬಿಳಿಗಳಿರುವಲ್ಲಿ ಮೂರು ಕಪ್ಪುಗಳನ್ನು ತೆಗೆಯಬೇಕು. ಕಪ್ಪೇ ಇಲ್ಲವಲ್ಲ! ಮೂರು ಜೋಡಿಗಳನ್ನು ತಂದಿಡಬೇಕು. ಬೆಲೆ ಎರಡಾಗಿಯೇ ಉಳಿಯಿತು. ಮೂರು ಕಪ್ಪುಗಳನ್ನು ಎತ್ತಿದರೆ ಐದು ಬಿಳಿ ಉಳಿಯುತ್ತವೆ. ಮೂರು ರೂಪಾಯಿ ಸಾಲ ಮನ್ನಾ ಆದರೆ ಮೂರು ರೂಪಾಯಿ ಗಳಿಸಿದಂತೆಯೇ ಎಂಬುದು ಹೀಗೆ ಕೈಗೇ ತಿಳಿಯುತ್ತದೆ. ಎರಡು ಕಪ್ಪುಗಳ ಜೊತೆಗೆ ಮೂರು ಕಪ್ಪುಗಳನ್ನು ಇಟ್ಟವನಂತೂ ಧನ ಐದೆಂದು ಎಂದಿಗೂ ಹೇಳಲಾರ.

ಇನ್ನು ಒಗಟು. ಅಂಗಳದಲ್ಲಿ ಸೀಮೆಸುಣ್ಣದಿಂದ ಋಣ ಹತ್ತರಿಂದ ಧನ ಹತ್ತರವರೆಗೆ ಗೆರೆ ಎಳೆದು, ಸೊನ್ನೆಯಲ್ಲಿ ನಿಂತು, ನಾಲ್ಕು ಬೀಜಗಳನ್ನು ಎಸೆದು, ಬಿದ್ದ ಮೊತ್ತದಂತೆ ಮುಂದಕ್ಕೋ ಹಿಂದಕ್ಕೋ ನಡೆಯಬೇಕು. ಎಷ್ಟು ಆಡಿದರೂ ಯಾರೂ ಮೂರರಲ್ಲಾಗಲಿ ಋಣ ಒಂದರಲ್ಲಾಗಲಿ ನಿಲ್ಲುವುದಿಲ್ಲ. ಏಕೆ? ಉಪಾಧ್ಯಾಯರು ಒಡನೆಯೇ ಉತ್ತರ ಹೇಳಬಾರದು. ಆಟದ ಸವಿಯಿರುವುದು ಇಲ್ಲಿಯೇ. ನಾಲ್ಕೂ ಬಿಳಿಯಾದರೆ ನಾಲ್ಕು. ಒಂದನ್ನು ಮಗುಚಿದರೆ ಒಂದು ಧನ ಹೋಗಿ ಒಂದು ಋಣ ಬಂದು, ಮೊತ್ತ ಎರಡರಷ್ಟು ಇಳಿಯುತ್ತದೆ. ಐದು ಬೀಜಗಳಿಂದ ಆಡಿದರೆ ಏನಾಗುವುದೆಂಬುದನ್ನು ಮಕ್ಕಳೇ ಕಂಡುಕೊಳ್ಳಲಿ.

ಹುಣಿಸೆಮರವನ್ನೇ ಕಾಣದ ನಗರದ ಮಕ್ಕಳಿಗೆ ಲಿಫ್ಟು ಒದಗುತ್ತದೆ. ಬನ್ನೇರುಘಟ್ಟ ರಸ್ತೆಯ ಬಹುಮಹಡಿ ಕಟ್ಟಡಗಳ ನಡುವೆ ಬೆಳೆಯುವ ಬಿಳೇಕಹಳ್ಳಿಯ ಮಗುವಿಗೆ ನೆಲದಂತಸ್ತು ಸೊನ್ನೆ, ವಾಹನ ನಿಲ್ಲಿಸುವ ನೆಲಮಾಳಿಗೆಗಳು ಋಣ ಒಂದು, ಋಣ ಎರಡು. ಋಣ ಎರಡರಿಂದ ಐದನೆಯ ಮಹಡಿಗೆ ಏರಿದ ಅಂತಸ್ತುಗಳೆಷ್ಟು? ಮೂರೆಂದವನು ಮೆಟ್ಟಿಲು ಹತ್ತಿ ಎಣಿಸಿ ಏಳೆಂದು ತಿದ್ದಿಕೊಳ್ಳಲಿ.

ಗುಣಾಕಾರದಲ್ಲಿ ಸಾಲದ ಉಪಮೆ ಸೋಲುತ್ತದೆ. ಸಾಲವನ್ನು ಸಾಲದಿಂದ ಗುಣಿಸುವುದೆಂದರೆ ಯಾವ ಅಂಗಡಿಯಲ್ಲಿಯೂ ಅರ್ಥವಿಲ್ಲ. ಇಲ್ಲಿ ಮೊದಲ ಸಂಖ್ಯೆಯನ್ನು ಅಪ್ಪಣೆಯೆಂದು ತಿಳಿಯಬೇಕು: ಋಣ ಎರಡೆಂದರೆ ‘ಎರಡು ಸಲ ತೆಗೆ’. ಆರು ಜೋಡಿಗಳನ್ನಿಟ್ಟು, ಮೂರು ಮೂರು ಕಪ್ಪುಗಳಂತೆ ಎರಡು ಸಲ ತೆಗೆದರೆ ಆರು ಬಿಳಿ ಉಳಿಯುತ್ತವೆ. ಸಂಶಯಪಡುವವನು ಕರಿಹಲಗೆಯ ಮೇಲೆ ಋಣ ಮೂರನ್ನು ಎರಡು, ಒಂದು, ಸೊನ್ನೆಗಳಿಂದ ಕ್ರಮವಾಗಿ ಗುಣಿಸುತ್ತ ಬರಲಿ: ಋಣ ಆರು, ಋಣ ಮೂರು, ಸೊನ್ನೆ. ಪ್ರತಿ ಹೆಜ್ಜೆಗೂ ಮೂರು ಏರುತ್ತಿದೆ. ಮುಂದಿನ ಎರಡು ಹೆಜ್ಜೆಗಳಲ್ಲಿ ಬರುವವು ಮೂರು, ಆರು. ಬೀಜಗಳು ಕೊಟ್ಟದ್ದೂ ಅದನ್ನೇ.